ಪೇಟಿಗೆ ಸುತ್ತಿದ ಸೀರೆ

“ಯಾರ ಮನ್ಯಾಗ ಹೆಣಾ ಬಿದ್ದೈತಂತ ಆ ಪೇಟೀನ ಹಿಂಗ ಅಳಸಾಕತ್ತೀರಿ?”

ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಮಠದ ಕಟ್ಟೆಯ ಮುಂದೆ ನಿಂತ ದಾನವ್ವ ಕೇಳಿದಳು.

ಹಾರ್ಮೋನಿಯಂ ಪೇಟಿಯ ಮೇಲಿಂದ ಆ ಮನುಷ್ಯ ತಲೆ ಎತ್ತಿದ. ಮಾಸಿದ ಕೋಟು, ನರೆತ ಮೀಸೆ, ಊರೂರು ಅಲೆದು ನಿದ್ದೆಗೆಟ್ಟ ಕಣ್ಣು.

“ನಮ್ಮ ನಾಟಕ ಕಂಪನಿ ಸತ್ತೈತ್ರಿ,” ಎಂದ. “ಹುಬ್ಬಳ್ಳಿಗೆ ಮಾತಾಡೂ ಸಿನಿಮಾ ಬಂತು. ನಮ್ಮ ಮಾತು ಯಾರಿಗೂ ಬ್ಯಾಡಾತು.”

ದಾನವ್ವನ ಬಾಯಲ್ಲಿ ಇನ್ನೂ ನಾಲ್ಕು ಬೈಗುಳ ತಯಾರಿದ್ದವು. ಎಲ್ಲವೂ ಒಳಗೇ ಕರಗಿದವು.

“ಹಂಗಾದ್ರ... ಇನ್ನೊಂದ ಸಲಾ ಅಳಸ್ರಿ,” ಎಂದಳು.

ಹಿರೇಬೆಂಡಿಗೇರಿಯಲ್ಲಿ ದಾನವ್ವನಷ್ಟು ದಣಿದ ಹೆಂಗಸು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಅವಳ ದಣಿವನ್ನು ಚೀಲಕ್ಕೆ ತುಂಬಿ ಹೊರಟಿದ್ದರೆ ಬಂಡಿಗಳ ಸಾಲು ಶಿಗ್ಗಾವಿ ಸಂತೆ ಮುಟ್ಟುತ್ತಿತ್ತು. ಪ್ರಾಯದಲ್ಲೇ ಗಂಡ ಸತ್ತಿದ್ದ, ಮಕ್ಕಳಿಲ್ಲ. ಮೈದುನನ ಮನೆಯಲ್ಲಿ ಎಮ್ಮೆ ಹಿಂಡಿ, ಸೆಗಣಿ ಬಳಿದು, ಅವಳು ಬಡಿದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚಂದ್ರನಿಗೆ ಏಣಿ ಬೇಕಾಗುತ್ತಿರಲಿಲ್ಲ.

ಅವತ್ತು ಮಾತ್ರ ಪೇಟಿ ನಿಲ್ಲುವವರೆಗೆ ತಲೆಯ ಮೇಲೆ ಹೊರೆ ಇದೆಯೆಂಬುದೇ ಅವಳಿಗೆ ಮರೆತುಹೋಯಿತು.

ಮರುದಿನ ಮಧ್ಯಾಹ್ನ, ಮನೆಯವರೆಲ್ಲ ಉಂಡು ಮಲಗಿದಾಗ, ಅವಳು ಮತ್ತೆ ಕಟ್ಟೆಗೆ ಬಂದಳು.

“ಮಾಸ್ತರ, ನನ್ನಂಥಾಕಿಗೆ ಇದು ಬರ್ತೈತೇನ್ರಿ?”

ಪೇಟಿ ಮಾಸ್ತರ ಉಳವಪ್ಪ ಅವಳ ಬೆರಳು ನೋಡಿದ. ಒಂದೊಂದೂ ಒನಕೆಯ ತಮ್ಮನಂತಿತ್ತು.

“ಬರೂದು ಬಿಡೂದು ಆಮ್ಯಾಲೆ,” ಎಂದ. “ಮೊದ್ಲ ಕುಂತ್ಕೋರಿ. ನಿಂತು ನಿಂತು ಕಾಲು ಸೋತಾವು.”

ಕುಂತ್ಕೋರಿ... ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಸುದ್ದಿ ಮನೆ ಮುಟ್ಟಿದಾಗ ಮೈದುನನ ಹೆಂಡತಿ, ನೆಗೆಣ್ಣಿ ಅನ್ನವ್ವ ನಕ್ಕಳು. “ಈ ವಯಸ್ಸಿನ್ಯಾಗ ಸರಿಗಮನ ಅಕ್ಕಾ? ಹಲ್ಲ ಬಿದ್ದ ಮ್ಯಾಲೆ ಕಬ್ಬ ತಿಂದಂಗಾತು.”

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅತ್ತೆ ವೀರವ್ವ ತಲೆ ಎತ್ತಲಿಲ್ಲ. “ಹಲ್ಲಿಲ್ಲದಾವ್ರು ಗಾಣಕ್ಕ ಹಾಕಿ ಕಬ್ಬಿನ ಹಾಲ ಕುಡೀತಾರ. ನೀ ನಿನ್ನ ಕೆಲಸಾ ನೋಡು.”

ಹೀಗೆ ಪಾಠ ಶುರುವಾಯಿತು. ಎಡಗೈಯಿಂದ ಗಾಳಿ ಹಾಕುವುದು ಸುಲಭವಾಗಿಯೇ ಬಂತು; ಹಸಿ ಕಟ್ಟಿಗೆಯ ಒಲೆಗೆ ಜೀವ ಕೊಟ್ಟವಳು ಅವಳು. ಬಲಗೈಯದೇ ಪಂಚಾಯಿತಿ. ಅದು ಪೇಟಿಯ ಕರಿ-ಬಿಳಿ ಮನೆಗಳ ಮೇಲೆ ಬಿದ್ದಿತೆಂದರೆ ಮಠದ ಪಾರಿವಾಳಗಳು ಬಂಕಾಪುರದ ಕೋಟೆಗೆ ಗುಳೆ ಹೋಗುತ್ತಿದ್ದವು.

“ದಾನವ್ವಾರ, ಇದು ರೊಟ್ಟಿ ಅಲ್ರಿ. ಬಡೀಬ್ಯಾಡ್ರಿ. ಮುಟ್ರಿ, ಸಾಕು.”

ಹಾಡುವುದು ಇನ್ನೂ ಕಷ್ಟ. ಮಾಸ್ತರನ ‘ಸಾ’ ಎತ್ತರದಲ್ಲಿ, ಇವಳ ಗಂಟಲು ತಗ್ಗಿನಲ್ಲಿ. ಹತ್ತಲು ಹೋಗಿ ಹೋಗಿ ಉಸಿರು ಸೋತಿತು. ಒಂದು ಮಧ್ಯಾಹ್ನ ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಸಾಕ್ರಿ ಮಾಸ್ತರ. ನನ್ನ ಕೈಲಾಗೂದಿಲ್ಲ.”

ಉಳವಪ್ಪ ಪೇಟಿಯನ್ನು ತನ್ನ ಕಡೆ ಎಳೆದುಕೊಂಡ.

“ತಪ್ಪು ನಂದು,” ಎಂದ. “ನನ್ನ ಸಾ ನಿಮ್ಮ ತಲಿಮ್ಯಾಲೆ ಹೊರಿಸಾಕತ್ತೇನಿ. ನಿಮ್ಮ ಸಾ ಎಲ್ಲೈತ್ರಿ?”

“ನನಗೊಂದು ಬ್ಯಾರೆ ಇರ್ತೈತೇನು?”

“ಎಲ್ಲಾರಿಗೂ ಇರ್ತೈತಿ. ಬೀಸೂಮುಂದ ಏನ ಗುನುಗತೀರಿ, ಅದನ್ನ ಗುನುಗ್ರಿ.”

ಅವಳು ಕಣ್ಣು ಮುಚ್ಚಿ ಬೀಸುಕಲ್ಲಿನ ಹಾಡೊಂದನ್ನು ಮೆಲ್ಲಗೆ ಎಳೆದಳು. ಉಳವಪ್ಪನ ಬೆರಳು ಒಂದೊಂದೇ ಮನೆ ಮುಟ್ಟುತ್ತ, ಕತ್ತಲೆ ಕೋಣೆಯಲ್ಲಿ ಯಾರನ್ನೋ ಹುಡುಕುವಂತೆ ಕೆಳಗೆ ಇಳಿಯಿತು. ಒಂದು ಕಡೆ ನಿಂತಿತು. ಪೇಟಿಯ ದನಿ, ಅವಳ ದನಿ ಬೇರೆಯಾಗಿ ಕೇಳಲಿಲ್ಲ.

“ಇಲ್ಲೈತಿ ನೋಡ್ರಿ,” ಎಂದ.

ಹುಟ್ಟಿದಾಗಿನಿಂದ ಎಲ್ಲರ ಎತ್ತರಕ್ಕೆ ತಕ್ಕಂತೆ ಬಗ್ಗಿದ್ದೇನೆ... ನನ್ನದು ಎಲ್ಲಿದೆ ಎಂದು ಹುಡುಕಿಕೊಂಡು ಬಂದವನು ಇವನೊಬ್ಬನೇ. ದಾನವ್ವ ಅತ್ತಳು. ಆ ಕಣ್ಣೀರಿಗೆ ಊರಿನ ಕೆರೆ ಕೋಡಿ ಬೀಳಬೇಕಿತ್ತು, ಹೇಗೋ ತಡೆದುಕೊಂಡಿತು.

ಅಲ್ಲಿಂದ ಮುಂದೆ ಅವಳ ಇಡೀ ದಿನದಲ್ಲಿ ದಿನ ಎನಿಸುವುದು ಆ ಮಧ್ಯಾಹ್ನವೊಂದೇ. ಉಳಿದದ್ದೆಲ್ಲ ಕೆಲಸ.

ಸುಗ್ಗಿ ಮುಗಿಯುವ ಹೊತ್ತಿಗೆ ಉಳವಪ್ಪ ಪೇಟಿ ಹೊತ್ತು ಅವಳ ಮನೆ ಬಾಗಿಲಿಗೆ ಬಂದ. ಪೇಟಿಗೆ ಹೊಸ ಇಳಕಲ್ ಸೀರೆ ಸುತ್ತಿತ್ತು.

“ಹಾನಗಲ್ಲಿಗೆ ಹೋಗಿ ಬರ್ತೇನಿ,” ಎಂದ, ಕಂಬದ ಕಡೆ ನೋಡುತ್ತ. “ಅಲ್ಲಿ ಭಜನಿ ಕಲಸಾಕ ಕರದಾರ. ನಾ ಬರೂತನಕ ಪೇಟಿ ನಿಮ್ಮ ಹತ್ರ ಇರಲಿ. ಮ್ಯಾಲಿಂದೂ... ಇರಲಿ.”

ಹೇಳಿ, ಹುಲಿ ಬೆನ್ನು ಹತ್ತಿದವನಂತೆ ಹೊರಟುಹೋದ.

ಮೂಲೆಯಲ್ಲಿದ್ದ ವೀರವ್ವನ ಕುಟ್ಟಣಿಗೆ ನಿಂತಿತು. ಆ ಸೀಮೆಯಲ್ಲಿ ಗಂಡ ಸತ್ತವಳನ್ನು ಕೂಡಿಕೊಳ್ಳುವ ಪದ್ಧತಿಗೆ ಉಡಿಕಿ ಎನ್ನುತ್ತಾರೆ. ಗಂಡಸು ಹೊಸ ಸೀರೆ ಕೊಡಬೇಕು. ಅವಳು ಇಟ್ಟುಕೊಂಡರೆ ಒಪ್ಪಿಗೆ. ತಿರುಗಿ ಕಳಿಸಿದರೆ ಅಲ್ಲಿಗೆ ಮುಗಿಯಿತು. ಯಾಕೆಂದು ಕೇಳುವ ಹಾಗಿಲ್ಲ.

ದಾನವ್ವನಿಗೂ ಗೊತ್ತಿದ್ದ ಮಾತೇ. ಆದರೆ ಅದೆಲ್ಲ ಪ್ರಾಯದವರ ಸಂಗತಿ. ನರೆತ ತಲೆಗೆ ಯಾರು ಸೀರೆ ತರುತ್ತಾರೆ? ನಾಟಕದವರ ದರ್ಬಾರು ದೊಡ್ಡದು, ಪೇಟಿಗೂ ಇಳಕಲ್ ಸುತ್ತುತ್ತಾರೆ ಎಂದುಕೊಂಡಳು. ಅಂಚಿಗೆ ದಾರಿಯ ಧೂಳು ಹತ್ತಿತ್ತು. ಎರವಿನ ಬಟ್ಟೆ ಹೊಲಸಾಗಿಯೇ ಹಿಂದಿರುಗಿಸುವ ಮನೆತನ ಅವರದಲ್ಲ. ಹಳ್ಳಕ್ಕೊಯ್ದು ಒಗೆದು, ನೆರಳಲ್ಲಿ ಒಣಗಿಸಿ, ನಾಲ್ಕು ಮಡಿಕೆ ಮಾಡಿ ಗೋಡೆಯ ಗೂಡಿನಲ್ಲಿ ಇಟ್ಟಳು.

ಮಾಸ್ತರ ಹಾನಗಲ್ಲಿನಿಂದ ಬಂದನೆಂದು ಕೇಳಿದ ಕೂಡಲೇ ಪೇಟಿಯ ಮೇಲೆ ಸೀರೆ ಇಟ್ಟು, ಮಠದ ಕಡೆ ಹೊರಟ ಬಂದೇಸಾಬನ ಬಂಡಿಗೆ ಏರಿಸಿದಳು.

ಹೊಲದಿಂದ ಬಂದ ವೀರವ್ವ ಗೋಡೆಯ ಗೂಡು ನೋಡಿದಳು.

“ಸೀರಿ ಎಲ್ಲಿ?”

“ಒಗದು ಕಳಿಸಿದೆ ಅತ್ತಿ.”

ಮುದುಕಿ ಹಣೆ ಹಣೆ ಬಡಿದುಕೊಂಡಳು. “ಅಯ್ಯ ಹುಚ್ಚಿ... ಗಂಡಸು ಬಾಗಲಕ್ಕ ಬಂದು ಹೊಸಾ ಸೀರಿ ಕೊಟ್ಟು ಹ್ವಾದ್ರ, ಒಗದು ಕಳಸ್ತಾರೇನು?”

ದಾನವ್ವನ ಕೈಯೊಳಗಿನ ಚರಿಗೆ ಜಾರಿತು.

ಅಷ್ಟರಲ್ಲಿ ಬಂದೇಸಾಬ ಖಾಲಿ ಬಂಡಿ ಹೊಡೆದುಕೊಂಡು ಬಂದ. “ಮಾಸ್ತರ ಸೀರಿ ನೋಡಿ ಬಗಲಾಗ ಇಟಗೊಂಡ್ರವ್ವ. ಪೇಟಿ ಹೆಗಲಿಗೇರಿಸಿ ಶಿಗ್ಗಾವಿಗೆ ನಡದ್ರು. ಮೋಟಾರ್ ಹಿಡದು ಸವಣೂರ ಕಡೆ ಹೋಗ್ತಾರಂತ. ಇನ್ನ ಈ ಕಡೆ ಬರೂದಿಲ್ಲಂದ್ರು.”

“ಎಮ್ಮಿ ಹಿಂಡೂ ಹೊತ್ತಾತು ಅಕ್ಕಾ,” ಎಂದಳು ಅನ್ನವ್ವ ಒಳಗಿನಿಂದ.

“ಎಮ್ಮಿ ನಾ ಹಿಂಡ್ತೇನಿ,” ಎಂದಳು ವೀರವ್ವ. “ದಾನೀ, ನೀ ಹೋಗು.”

“ಜನಾ ಏನಂದಾರು ಅತ್ತಿ?”

“ಅವ್ರು ನಿನ್ನ ಎಮ್ಮಿ ಹಿಂಡಾಕ ಬಂದಿದ್ರೇನು? ಹೋಗು.”

ದಾನವ್ವ ನಡೆದಳು. ಓಡಿದಳು ಎನ್ನಬಹುದಿತ್ತು, ಕಾಲು ಒಪ್ಪಲಿಲ್ಲ. ಶಿಗ್ಗಾವಿಯ ದಾರಿ ಅವತ್ತು ಕಾಶಿಯಷ್ಟು ಉದ್ದವಾಯಿತು. ಹೋಗಿಬಿಟ್ಟಿದ್ದರೆ? ನಾಳೆ ಮಧ್ಯಾಹ್ನ ಬರುತ್ತದೆ, ನಾಡಿದ್ದು ಬರುತ್ತದೆ, ಸಾಯುವವರೆಗೂ ಬರುತ್ತದೆ... ಕಟ್ಟೆ ಖಾಲಿ ಇರುತ್ತದೆ.

ಜಗತ್ತಿನಲ್ಲಿ ಹೊತ್ತಿಗೆ ಸರಿಯಾಗಿ ಬರದ ವಸ್ತುಗಳಲ್ಲಿ ಸವಣೂರಿನ ಮೋಟಾರಿಗೆ ಮೊದಲ ಸ್ಥಾನ. ಅದು ಬಂದಿರಲಿಲ್ಲ. ಬೇವಿನ ಮರದ ಕೆಳಗೆ ಉಳವಪ್ಪ ಕುಳಿತಿದ್ದ.

ಅವಳು ಎದುರಿಗೆ ನಿಂತಳು. ಉಸಿರು ಸಿಗಲಿಲ್ಲ. ಅವನು ಗಾಬರಿಯಿಂದ ಎದ್ದ.

“ಒಗದು ಕೊಟ್ಟೆ ಅಷ್ಟರಿ,” ಎಂದಳು. “ಬ್ಯಾಡಂತ ಕೊಡಲಿಲ್ಲ.”

“ಹೊಸಾ ಸೀರಿ ಯಾಕ ಒಗದ್ರಿ?”

“ಧೂಳಾಗಿತ್ತು.”

ಉಳವಪ್ಪ ನಕ್ಕ. ಅವನು ನಗುವುದನ್ನು ಅವಳು ಕಂಡದ್ದು ಅದೇ ಮೊದಲು. ಅವಳಿಗೆ ನಗು ಬರಲಿಲ್ಲ, ಸಿಟ್ಟು ಬಂತು.

“ಬಾಯಿಲೆ ಒಂದು ಮಾತು ಹೇಳಾಕ ಏನಾಗಿತ್ರಿ ನಿಮಗ? ನಾಟಕದಾಗ ಇದ್ದಾವ್ರು ನೀವು.”

“ನಾಟಕದಾಗ ಪ್ರೀತಿ ಮಾತು ಬ್ಯಾರೇದಾವ್ರು ಆಡ್ತಿದ್ರು,” ಎಂದ ಅವನು ಮೆಲ್ಲಗೆ. “ನಾ ಹಿಂದ ಕುಂತು ಪೇಟಿ ಬಾರಿಸ್ತಿದ್ದೆ.”

“ಈಗ ಯಾರೂ ಇಲ್ಲ. ನೀವ ಆಡ್ರಿ.”

ಅವನು ಮೀಸೆ ಒರೆಸಿಕೊಂಡ, ಕೋಟು ಸರಿಮಾಡಿಕೊಂಡ, ಪೂರ್ವ ನೋಡಿದ, ಪಶ್ಚಿಮ ನೋಡಿದ. ಒಂದು ಯುಗ ಕಳೆಯಿತು.

“ನಾನೂ ದಣದೇನಿ, ನೀವೂ ದಣದೀರಿ,” ಎಂದ. “ಒಬ್ಬೊಬ್ಬರ ದಣಿಯೂದಕ್ಕಿಂತ... ಜೋಡಿಲೆ ಇದ್ದರಾತು. ಹಾನಗಲ್ಲಾಗ ಒಂದು ಖೋಲಿ ಕೊಡ್ತಾರಂತ.”

ದಾನವ್ವ ಉಡಿ ಒಡ್ಡಿದಳು. ಅವನು ಸೀರೆಯನ್ನು ಅದರಲ್ಲಿ ಇಟ್ಟ. ಅಷ್ಟೇ. ಬೇವಿನ ಮರ, ಒಂದು ನಾಯಿ, ಬೇರೆ ಸಾಕ್ಷಿಗಳಿಲ್ಲ.

ಇಬ್ಬರೂ ಬೇರಿನ ಮೇಲೆ ಕುಳಿತರು. ಮೋಟಾರು ಎಲ್ಲೂ ಕಾಣಲಿಲ್ಲ. ಸುಮ್ಮನೆ ಕುಳಿತು ರೂಢಿಯಿಲ್ಲದ ಅವಳ ಕೈ ಏನಾದರೂ ಕೆಲಸ ಹುಡುಕುತ್ತಿತ್ತು.

“ಇವತ್ತ ಪಾಠ ಆಗಲಿಲ್ಲರಿ ಮಾಸ್ತರ. ಪೇಟಿ ತಗೀಲೇನು?”

“ಬ್ಯಾಡ. ಇವತ್ತ ರಜಾ.”

“ರಜಾ ಅಂದ್ರ... ಏನ ಮಾಡಬೇಕ್ರಿ?”

“ಏನೂ ಮಾಡಬಾರದು ದಾನವ್ವಾ,” ಎಂದ ಉಳವಪ್ಪ. “ಹಿಂಗ ಒರಗಿ ಕುಂದರಬೇಕು.”

ಅವಳು ಒರಗಿದಳು.