ಭಾಗವ್ವನ ಚಪ್ಪಲಿ

ಶರ್ಟಿನ ಕಲೆಗಳನ್ನು ಔಷಧಿ ಹಾಕಿ ತೆಗೆಯುವ ಕೋಣೆಯ ಬಾಗಿಲನ್ನು ಸಚಿನ ಹೊರಕ್ಕೆ ಎಳೆದ. ಔಷಧಿಯ ಘಾಟು ಮೂಗಿಗೆ ಬಡಿಯಿತು. ಹೊಸ್ತಿಲಿನ ಪಕ್ಕದಲ್ಲೇ ಭಾಗವ್ವ ಮಗ್ಗುಲಾಗಿ ಬಿದ್ದಿದ್ದಳು. ಮುಖ ಬಾಗಿಲಿನ ಸಂದಿಯ ಕಡೆಗಿತ್ತು, ಸೆರಗು ಮೂಗಿನ ಮೇಲಿತ್ತು.

"ಆಜೀ," ಎಂದ ಸಚಿನ. ಆಜಿ ಏಳಲಿಲ್ಲ.

ಜೋಗೇಶ್ವರಿಯ ಆ ಇಂಡಸ್ಟ್ರಿಯಲ್ ಎಸ್ಟೇಟಿನ ಮೇಲಿನ ಮಾಳಿಗೆಯಲ್ಲಿ ಪರದೇಶಕ್ಕೆ ಹೋಗುವ ಬಿಳಿ ಶರ್ಟುಗಳನ್ನು ಹೊಲಿಯುತ್ತಾರೆ. ಭಾಗವ್ವ ಅಲ್ಲಿ ಹೊಲಿದ ಶರ್ಟಿನ ಉಳಿಕೆ ದಾರ ಕತ್ತರಿಸುವ ಕೆಲಸಕ್ಕಿದ್ದಳು. ಕಲಬುರಗಿ ಕಡೆಯವಳು. ಗಂಡ, ಮಕ್ಕಳು ಯಾರೂ ಇಲ್ಲ. ಅಷ್ಟು ದೊಡ್ಡ ಊರಿನಲ್ಲಿ ಅವಳನ್ನು ಅಜ್ಜಿ ಎನ್ನುತ್ತಿದ್ದವರೆಲ್ಲ ಆ ಮಾಳಿಗೆಯಲ್ಲೇ ಇದ್ದರು.

ಸಬ್ ಇನ್‌ಸ್ಪೆಕ್ಟರ್ ನಮಿತಾ ಬಂದಾಗ ಮಷೀನುಗಳು ನಿಂತಿದ್ದವು. ಮೆಟ್ಟಿಲ ಬಳಿ ಚಪ್ಪಲಿ ಸ್ಟ್ಯಾಂಡು ತುಂಬಿತ್ತು. ಬಿಳಿ ಬಟ್ಟೆಗೆ ಧೂಳು ತಾಗಬಾರದೆಂದು ಒಳಗೆ ಎಲ್ಲರೂ ಬರಿಗಾಲು. ನಮಿತಾ ಬೂಟಿನಲ್ಲೇ ಒಳಗೆ ಹೋದಳು. ಪೊಲೀಸರಿಗೆ ಅಷ್ಟಾದರೂ ರಿಯಾಯಿತಿ ಇರಬೇಕಲ್ಲ.

ಭಾಗವ್ವನ ಕಾಲೂ ಬರಿದಾಗಿತ್ತು. ಬಾಗಿಲಿಗೆ ಹೊರಗಡೆ ಚಿಲಕ. ಗೋಡೆಯಲ್ಲಿ ಗಾಳಿ ಹೊರಗೆಳೆಯುವ ಫ್ಯಾನು. ಅದು ತಿರುಗುತ್ತಿದೆಯೇ ಎಂದು ತಿಳಿಯಲು ಜಾಲರಿಗೆ ಕಟ್ಟಿದ್ದ ಕೆಂಪು ಬಟ್ಟೆಯ ಚೂರು ಸುಮ್ಮನೆ ನೇತಾಡುತ್ತಿತ್ತು. ಸ್ವಿಚ್ಚು ಹೊರಗಿನ ಗೋಡೆಯಲ್ಲಿ, ಆಫ್ ಆಗಿತ್ತು. ಒಳಗೆ ರಟ್ಟಿನ ಪೆಟ್ಟಿಗೆಗಳ ಹಿಂದೆ ಔಷಧಿಯ ಕ್ಯಾನುಗಳು. ಒಂದರ ಮುಚ್ಚಳ ಸಡಿಲವಾಗಿತ್ತು.

"ನೀನು ಬಂದಾಗ ಚಿಲಕ ಹಾಕಿತ್ತಾ?" ನಮಿತಾ ಹಿಂದಿಯಲ್ಲಿ ಕೇಳಿದಳು.

"ಇಲ್ಲ ಮೇಡಂ. ತೆಗೆದಿತ್ತು," ಎಂದ ಸಚಿನ. ಆ ಕೋಣೆಯಲ್ಲಿ ಶರ್ಟಿನ ಕಲೆ ತೆಗೆಯುವವನು ಅವನೇ.

ಪ್ರೊಡಕ್ಷನ್ ಮ್ಯಾನೇಜರ್ ತಿಲಕ್ ಮುಂದೆ ಬಂದ. ಉಡುಪಿ ಕಡೆಯ ಹುಡುಗ. ನಮಿತಾಳ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ, ತನ್ನ ಕಡೆಯವಳೆಂದು ತಿಳಿದು ಕನ್ನಡಕ್ಕೆ ಹೊರಳಿದ.

"ಅಜ್ಜಿಗೆ ಊಟ ಆದ ಮೇಲೆ ಸ್ವಲ್ಪ ಮಲಗುವ ಅಭ್ಯಾಸ ಉಂಟು ಮೇಡಂ. ಕೋಣೆ ಖಾಲಿ ಉಂಟಲ್ಲ ಅಂತ ನಿನ್ನೆ ಒಳಗೆ ಹೋಗಿರ್ಬೇಕು. ಸಚಿನ ಕ್ಯಾನಿನ ಮುಚ್ಚಳ ಸರಿ ಹಾಕ್ಲಿಲ್ಲ. ಇವನನ್ನು ಎಂತ ಬೈಯುವುದು, ಪಾಪದವ."

ಅವನ ಕಣ್ಣು ಕೆಂಪಾಗಿತ್ತು. ನಮಿತಾಳಿಗೆ ಗೋರೆಗಾಂವ್‌ನ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ತನ್ನ ಅಪ್ಪ, ಅಲ್ಲೇ ಗಲ್ಲೆಯಲ್ಲಿ ಕೂತು ಓದಿದ ತಮ್ಮ ನೆನಪಾದರು. ಇವನೂ ಅಂಥ ಮನೆಯ ಹುಡುಗನೇ. ಅವಳಿಗೆ ಅವನ ಮೇಲೆ ಮಮತೆ ಹುಟ್ಟಿತು.

* * *

"ನಿರ್ಲಕ್ಷ್ಯದಿಂದ ಸಾವು," ಎಂದರು ಸ್ಟೇಷನ್ನಿನ ಸಾಹೇಬರು. "ಹುಡುಗನನ್ನು ನಾಳೆ ಕೋರ್ಟಿಗೆ ಕಳಿಸಿ. ಫೈಲ್ ಬೆಳೆಸಬೇಡಿ."

ಲಾಕಪ್ಪಿನಲ್ಲಿ ಸಚಿನ ಅಳುತ್ತಿದ್ದ. "ನಿನ್ನೆ ನನಗೆ ರಜೆ ಕೊಟ್ಟಿದ್ದರು. ಮೊನ್ನೆ ಸಂಜೆ ಕ್ಯಾನುಗಳನ್ನೆಲ್ಲ ಮುಚ್ಚಿ ಟೆರೇಸಿನಲ್ಲಿಟ್ಟು ಹೋಗಿದ್ದೆ. ಒಳಗೆ ಹೇಗೆ ಬಂದವೋ ಗೊತ್ತಿಲ್ಲ."

ಅವನ ತಾಯಿ ನೀಲಾಬಾಯಿ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ನಮಿತಾ ಹೋಗುವಾಗ ಕೈ ಹಿಡಿದುಕೊಂಡಳು. ಮಗ ಒಮ್ಮೆ ಜೈಲಿಗೆ ಹೋಗಿಬಂದರೆ ಯಾವ ಫ್ಯಾಕ್ಟರಿಯವರೂ ಬಾಗಿಲೊಳಗೆ ಬಿಡುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದಳು. ಆ ಮಾತು ಸುಳ್ಳಲ್ಲ.

ನಮಿತಾಳ ಮನಸ್ಸಿನಲ್ಲಿ ಭಾಗವ್ವನ ಮೂಗಿನ ಮೇಲಿದ್ದ ಸೆರಗು ಕೂತುಬಿಟ್ಟಿತ್ತು. ಘಾಟು ಹೆಚ್ಚಾದರೆ ಯಾರಾದರೂ ಬಾಗಿಲು ತಳ್ಳಿ ಹೊರಗೆ ಬರುತ್ತಾರೆ. ಮೂಗು ಮುಚ್ಚಿಕೊಂಡು ಸಂದಿಯ ಗಾಳಿಗೆ ಮುಖ ಒಡ್ಡುವುದು ಬಾಗಿಲು ತೆರೆಯದಿದ್ದಾಗ ಮಾತ್ರ. ಯಾರೋ ಚಿಲಕ ಹಾಕಿದ್ದರು. ಆಮೇಲೆ ತೆಗೆದಿದ್ದರು. ಸಚಿನನ ಮಾತು ನಿಜವಾದರೆ ಅವನು ನಿನ್ನೆ ಆ ಕಡೆ ಬಂದವನೇ ಅಲ್ಲ.

ಅವಳು ಫ್ಯಾಕ್ಟರಿಗೆ ಹಿಂತಿರುಗಿದಳು.

* * *

ಕಾಲರ್ ಹೊಲಿಯುವ ಸಪ್ನಾ ಭಾಗವ್ವನ ಊರಿನವಳು. ದಹಿಸರ್‌ನ ಒಂದೇ ಚಾಳಿನ ವಠಾರದಲ್ಲಿ ಇಬ್ಬರ ಬಾಡಿಗೆ ಖೋಲಿಗಳು. ನೀರಿನ ಫಿಲ್ಟರಿನ ಹತ್ತಿರ ನಿಂತು ಮಾತಾಡಿದಳು.

"ತಿಲಕ್ ಸರ್ ಭಾಳ ಚಲೋ ಮಂದಿ ರೀ. ಮೊದಲ ಇಲ್ಲಿ ಕಿಟಕಿ ತಗೀತಿರಲಿಲ್ಲ. ಬೆನ್ನಿಗೆ ಆಸರ ಇಲ್ಲದ ಸ್ಟೂಲು. ಸಂಡಾಸಕ್ಕ ಹೋದ್ರ ಸೂಪರ್‌ವೈಸರ್ ಒದರತಿದ್ದ. ಇವರು ಬಂದು ಮಾಲಕರ ಜೋಡಿ ಜಗಳಾ ತಗದು ಎಲ್ಲಾ ಬದಲಿ ಮಾಡಿದ್ರು."

ಅದು ನಿಜ. ತಿಲಕ್ ಮಾಲಕರಿಗೆ ಹೇಳಿದ್ದು ಇಷ್ಟೇ: ಬೆವರು ಬಿದ್ದರೆ ಶರ್ಟಿಗೆ ಕಲೆ, ಕಲೆಯಾದರೆ ಮಾಲು ವಾಪಸ್, ಫ್ಯಾನು ಹಾಕಿಸುವುದು ದಾನವಲ್ಲ, ಧಂದೆ. ಹಾಕಿಸಿದ ಮೇಲೆ ಶರ್ಟುಗಳು ಹೆಚ್ಚು ಹೊಲಿದುಬಂದವು, ವಾಪಸ್ ಬರುವುದು ಕಡಿಮೆಯಾಯಿತು. ಮಾಲಕರು ಸುಮ್ಮನಾದರು.

"ನಿನ್ನೆ ಅಜ್ಜಿ ಬಂದಿದ್ದಳಾ?"

ಸಪ್ನಾ ನೆಲ ನೋಡಿದಳು. "ಮುಂಜಾನೆ ಕೂಡೇ ಬಂದ್ವಿ. ಆಮ್ಯಾಲ ಕಾಣಲಿಲ್ಲ. ಸಂಜಿಗೆ ದಿನಾ ಕೂಡೇ ಲೋಕಲ್ ರೈಲು ಹಿಡಿತೀವ್ರಿ. ನಿನ್ನಿ ಸ್ಟ್ಯಾಂಡ್ ನೋಡಿದೆ. ಆಕಿ ಚಪ್ಪಲಿ ಇರಲಿಲ್ಲ. ಮೊದಲ ಹೋಗ್ಯಾಳ ಅಂದ್ಕೊಂಡು ನಾನೂ ಹೋದೆ. ಮನಿ ಮುಟ್ಟೂದ್ರಾಗ ಆಕಿ ಖೋಲಿ ದೀಪ ಇರಲಿಲ್ಲ. ಮಲಗ್ಯಾಳ ಅಂದ್ಕೊಂಡೆ."

"ಅವಳ ಚಪ್ಪಲಿ ಅಂತ ಹೇಗೆ ಗುರುತು?"

"ಪಟ್ಟಿ ಕಿತ್ತಿತ್ರಿ. ನಾನ ಮಷೀನಿನ್ಯಾಗ ನೀಲಿ ದಾರ ಹಾಕಿ ಹೊಲದು ಕೊಟ್ಟಿದ್ದೆ."

ಸತ್ತವಳು ಬರಿಗಾಲಿನಲ್ಲಿ ಒಳಗಿದ್ದಾಳೆ. ಚಪ್ಪಲಿ ಸ್ಟ್ಯಾಂಡಿನಲ್ಲೂ ಇಲ್ಲ, ಕೋಣೆಯಲ್ಲೂ ಇಲ್ಲ. ನಮಿತಾ ಧ್ವನಿ ತಗ್ಗಿಸಿದಳು.

"ನಿನ್ನೆ ಇಲ್ಲಿ ಏನಿತ್ತು ಸಪ್ನಾ?"

ಸಪ್ನಾ ಸುತ್ತ ನೋಡಿದಳು. ಯಾರೂ ತಲೆಯೆತ್ತಲಿಲ್ಲ. "ಆಡಿಟ್ ಇತ್ತ್ರಿ," ಎಂದಳು. "ಮಾಲು ತಗೊಳ್ಳೋ ಕಂಪನಿಯವರು ನೋಡಾಕ ಬರತಾರ. ಅವತ್ತು ನಮಗ ಹೊಸ ಮಾಸ್ಕ್ ಕೊಡ್ತಾರ. ಸಂಜಿಗೆ ಇಸ್ಕೊಂಡು ಕಪಾಟಿನ್ಯಾಗ ಇಡತಾರ. ನನ್ನ ಹೆಸರು ಹೇಳಬ್ಯಾಡ್ರಿ. ಆರ್ಡರ್ ಹೋದ್ರ ಎಲ್ಲಾರೂ ಮನಿಗೆ ಹೋಗಬೇಕಾಗತೈತಿ."

* * *

ಸೂಪರ್‌ವೈಸರ್ ದೇವಾನಂದ ಮೊನ್ನೆ ಎಲ್ಲರೆದುರು ಭಾಗವ್ವನೊಂದಿಗೆ ಜಗಳವಾಡಿದ್ದ. ಆ ಸಂಗತಿಯನ್ನು ಹೇಳಲು ಮಾತ್ರ ಎಲ್ಲರಿಗೂ ಬಾಯಿ ಬಂತು. ಟೆರೇಸಿನಿಂದ ಕ್ಯಾನು ಹೊತ್ತು ತಂದವನೂ ಅವನೇ ಎಂದು ವಾಚ್‌ಮನ್ ಹೇಳಿದ. ನಮಿತಾ ಅವನನ್ನು ಬಟ್ಟೆ ಕತ್ತರಿಸುವ ಮೇಜಿನ ಬಳಿ ನಿಲ್ಲಿಸಿಕೊಂಡಳು.

"ಕ್ಯಾನು ಕೋಣೆಯಲ್ಲಿಟ್ಟದ್ದು ನೀನು."

"ಖರೆ ರೀ." ಅವನು ಮುಖ ಒರೆಸಿಕೊಂಡ. "ಔಷಧಿ ಕೆಲಸ ಹೊರಗ ಮಾಡಸ್ತೀವಿ ಅಂತ ಆಡಿಟರ್‌ಗೆ ಹೇಳಿರತೈತಿ. ಕ್ಯಾನ್ ಟೆಂಪೊದಾಗ ಕಳಸು ಅಂದಿದ್ರು ತಿಲಕ್ ಸರ್. ಟೆಂಪೊ ಬರಲಿಲ್ಲ. ಅವರಿಗೆ ಹೇಳಿದ್ರ ಬೈತಾರಂತ ನಾನ ಪೆಟ್ಟಿಗಿ ಹಿಂದ ದಬ್ಬಿದೆ. ಆವಾಗ ಒಳಗ ಯಾರೂ ಇರಲಿಲ್ಲ, ದೇವರಾಣಿ."

"ಮುದುಕಿಯ ಜೊತೆ ಜಗಳ?"

"ಆಕಿಗೆ ಕೆಲಸಗಾರರ ಕಾರ್ಡ್ ಇಲ್ಲರಿ. ವಯಸ್ಸು ಮೀರೇತಿ. ಆಡಿಟರ್ ಕಣ್ಣಿಗೆ ಬೀಳಬಾರದಂತ ನಾಳಿ ಒಂದಿನ ಬರಬ್ಯಾಡ ಅಂದೆ. ನನ್ನ ಕಾಯಮ್ ತಗೀತೀರಿ, ಅದಕ್ಕ ಹಿಂಗ ಹೇಳತಿ ಅಂತ ಒದರಿದ್ಳು. ಅದಕ್ಕ ಹಟ ಹಿಡದು ಬಂದಾಳ."

ನಮಿತಾ ಅವನನ್ನೇ ನೋಡಿದಳು. "ಅವಳ ಚಪ್ಪಲಿ ಎಲ್ಲಿಟ್ಟೆ?"

"ಯಾವ ಚಪ್ಪಲಿ ರೀ?" ಎಂದ ದೇವಾನಂದ. ಏನೋ ಹೊಳೆದವನಂತೆ ಮೇಜಿನ ಅಂಚು ಹಿಡಿದುಕೊಂಡ. "ಚಪ್ಪಲಿ ಇಲ್ಲೇನ್ರಿ? ಹಂಗಾರ ಆಕಿ ತಾನ ಹೋಗಿ ಕುಂತಿಲ್ಲ. ಆಡಿಟರ್ ಮೊದಲ ಸ್ಟ್ಯಾಂಡಿನ್ಯಾಗ ಚಪ್ಪಲಿ ಎಣಸ್ತಾನ, ಆಮ್ಯಾಲ ಮಂದಿ ಎಣಸ್ತಾನ. ಹಿಂದಿನ ಸಲ ಹಂಗ ಸಿಕ್ಕೊಂಡ್ವಿ. ಅವತ್ತಿನಿಂದ, ಕಾರ್ಡ್ ಇಲ್ಲದವರನ್ನ ಮುಚ್ಚಿಡೋರು ಆ ಮಂದಿ ಚಪ್ಪಲೀನೂ ಮುಚ್ಚಿಡಬೇಕು."

ಆಗ ಫೋನು ಬಂತು. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ಹೇಳಿದ್ದನ್ನು ನಮಿತಾ ಎರಡು ಸಲ ಹೇಳಿಸಿ ಕೇಳಿದಳು. ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಕಿಟಕಿಯ ಬಳಿ ನಿಂತಳು. ಅವಳಿಗೆ ತಿಲಕ್‌ನ ಕ್ಯಾಬಿನ್ನಿಗೆ ಹೋಗುವುದೇ ಬೇಡವಾಗಿತ್ತು.

* * *

"ಒಂದು ಮಾಸ್ಕ್ ಕೊಡಿ ತಿಲಕ್. ಆ ಕೋಣೆ ಇನ್ನೊಮ್ಮೆ ನೋಡ್ಬೇಕು."

ನಮಿತಾ ಬರುತ್ತಿದ್ದಂತೆ ತಿಲಕ್ ಚಹಾ ತರಿಸಿದ್ದ, ಕುರ್ಚಿ ಕೊಟ್ಟಿದ್ದ, ಫ್ಯಾನು ಅವಳ ಕಡೆ ತಿರುಗಿಸಿದ್ದ.

"ಮಾಸ್ಕ್ ಮುಗಿದಿದೆ ಮೇಡಂ."

"ನಿನ್ನೆ ಸಂಜೆ ಎಲ್ಲರ ಹತ್ತಿರ ವಾಪಸ್ ತಕ್ಕೊಂಡಿದ್ದೀರಲ್ಲ. ಆ ಕಪಾಟು." ಅವಳು ಅವನ ಬೆನ್ನ ಹಿಂದೆ ಬೆರಳು ತೋರಿಸಿದಳು. "ಬೀಗದ ಕೈ ನಿಮ್ಮ ಕೊರಳಲ್ಲೇ ಉಂಟು."

ತಿಲಕ್ ಏಳಲಿಲ್ಲ. ಬೀಗದ ಕೈ ಇದ್ದ ಕೊರಳ ದಾರವನ್ನು ತೆಗೆದು ಮೇಜಿನ ಮೇಲಿಟ್ಟ.

ಕಪಾಟಿನಲ್ಲಿ ಮಾಸ್ಕುಗಳ ಪೆಟ್ಟಿಗೆ, ಹೊಸ ಕೈಗವಸು. ಕೆಳಗಿನ ಅರೆಯಲ್ಲಿ, ಕತ್ತರಿಸಿ ಉಳಿದ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಜೊತೆ ಚಪ್ಪಲಿ. ಪಟ್ಟಿಗೆ ನೀಲಿ ದಾರದ ಹೊಲಿಗೆ.

ನಮಿತಾ ಅವನ ಎದುರು ಕೂತಳು.

"ನಾನು ಹೇಳ್ತೇನೆ, ತಪ್ಪಿದ್ರೆ ತಿದ್ದಿ. ಮಲಗೋದಕ್ಕೆ ಹೋದವಳು ಆ ಸೆಕೆಗೆ ಫ್ಯಾನು ಹಾಕಿಯೇ ಹೋಗ್ತಿದ್ದಳು. ಕೋಣೆ ಮುಚ್ಚಿದೆ ಅಂತ ಆಡಿಟರಿಗೆ ತೋರಿಸುವವರಿಗೆ ಮಾತ್ರ ಫ್ಯಾನು ನಿಲ್ಲಬೇಕು. ಸೆರಗು ನೋಡಿದಾಗ ಹೊರಗಿಂದ ಚಿಲಕ ಇತ್ತು ಅಂತ ಗೊತ್ತಾಯ್ತು. ಕ್ಯಾನು ಇಟ್ಟವನು ದೇವಾನಂದ. ಆದ್ರೆ ಚಪ್ಪಲಿ ಅಂದಾಗ ಅವನಿಗೆ ಅರ್ಥವೇ ಆಗ್ಲಿಲ್ಲ. ಚಪ್ಪಲಿ ಬಚ್ಚಿಟ್ಟವನೇ ಅಜ್ಜಿಯನ್ನು ಬಚ್ಚಿಟ್ಟವನು. ಅಷ್ಟರಲ್ಲಿ ನೀವು ಒಂದು ಮಾಸ್ಕ್ ಇಲ್ಲ ಅಂದ್ರಿ. ಬೇರೆ ಏನು ಕೇಳಿದ್ರೂ ಕೊಡ್ತಿದ್ರಿ."

ಹೊರಗೆ ಒಂದೊಂದೇ ಮಷೀನು ಶುರುವಾಗುತ್ತಿತ್ತು.

"ಆಡಿಟರು ಮೆಟ್ಟಿಲು ಹತ್ತುವಾಗ ಅಜ್ಜಿಯನ್ನು ನೋಡಿದೆ," ಎಂದ ತಿಲಕ್. "ಅಲ್ಲಿ ಕ್ಯಾನು ಇದ್ದದ್ದು ನನಗೆ ಗೊತ್ತಿರ್ಲಿಲ್ಲ. ಆ ಕೋಣೆಗೆ ಯಾವಾಗಲೂ ಅದೇ ವಾಸನೆ. ಒಳಗೆ ಕೂರಿಸಿ, ಸ್ವಲ್ಪ ಹೊತ್ತು ಅಜ್ಜಿ, ಸದ್ದು ಮಾಡ್ಬೇಡಿ ಅಂದೆ. ಆಯ್ತು ಮಗಾ ಅಂದ್ರು. ಚಿಲಕ ಹಾಕಿದೆ. ಇವರನ್ನು ತೆಗೀರಿ ಅಂತ ಮಾಲಕರು ಎಷ್ಟೋ ಸಲ ಹೇಳಿದ್ದು. ನಾನೇ ಇಟ್ಟುಕೊಂಡದ್ದು."

ಬಾಗಿಲಿನ ಒಳಮೈಯಲ್ಲಿ ಬಡಿದ ಗುರುತೇ ಇರಲಿಲ್ಲ ಎಂಬುದು ನಮಿತಾಳಿಗೆ ನೆನಪಾಯಿತು. ಸದ್ದು ಮಾಡಬೇಡಿ ಎಂದದ್ದನ್ನು ಮುದುಕಿ ಪಾಲಿಸಿದ್ದಳು.

"ಮತ್ತೆ ಯಾವಾಗ ತೆಗೆದ್ರಿ?"

"ಆಡಿಟರು ಇಲ್ಲಿ ಚಹಾ ಕುಡಿಯುವಾಗ. ಅಜ್ಜಿ ಬಿದ್ದಿದ್ರು. ಆಂಬುಲೆನ್ಸ್ ಬಂದಿದ್ರೆ ಆರ್ಡರ್ ಹೋಯ್ತು. ಫ್ಯಾನು, ನೀರು, ಕುರ್ಚಿ, ಎಲ್ಲ ಮೊದಲಿನ ಹಾಗೆ. ಬಾಗಿಲು ಹಾಕಿಬಿಟ್ಟೆ ಅಕ್ಕ."

"ಉಸಿರು ಇತ್ತಾ?"

"ನೋಡ್ಲಿಲ್ಲ."

"ಆಡಿಟರು ಹೋದ ಮೇಲೆ?"

"ಕೋಣೆಯ ಹತ್ತಿರ ಹೋದೆ. ಬಾಗಿಲು ತೆಗೆಯುವ ಧೈರ್ಯ ಬರ್ಲಿಲ್ಲ. ಚಿಲಕ ಮಾತ್ರ ಸರಿಸಿದೆ. ಎಚ್ಚರ ಆದ್ರೆ ಎದ್ದು ಮನೆಗೆ ಹೋಗ್ಲಿ ಅಂತ."

"ಬರಿಗಾಲಲ್ಲಾ?"

ನಮಿತಾಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ದುಃಖ. ಇವನು ಕೆಟ್ಟವನಾಗಿದ್ದರೆ ಅವಳ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ಹಾಗೆಂದು ಹೇಳಬೇಕಾದದ್ದನ್ನು ಹೇಳದೆ ಬಿಡುವಂತಿರಲಿಲ್ಲ.

"ದೀಪ ಹಚ್ಚುವ ಹೊತ್ತಿನವರೆಗೂ ಜೀವ ಇತ್ತು ಅಂತಾರೆ ಡಾಕ್ಟರು. ನೀವು ಬಾಗಿಲು ತೆಗೆದು ಮತ್ತೆ ಹಾಕಿದಾಗ ಅಜ್ಜಿ ಬದುಕಿದ್ದಳು, ತಿಲಕ್. ಆಮೇಲೆ ಬೆಳಿಗ್ಗೆ ಎದ್ದು ಸಚಿನನ ಹೆಸರು ಹೇಳಿದ್ರಿ. ಪಾಪದವ ಅಂತಲೂ ಹೇಳಿದ್ರಿ."

ತಿಲಕ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಚಹಾ ಹಾಗೇ ಆರಿತ್ತು.

* * *

ಸಂಜೆ ಸಚಿನ ಲಾಕಪ್ಪಿನಿಂದ ಹೊರಗೆ ಬಂದ. ನೀಲಾಬಾಯಿ ಮಗನ ಬೆನ್ನಿಗೆ ಒಂದು ಗುದ್ದಿ, ಆಮೇಲೆ ಅಪ್ಪಿಕೊಂಡಳು. ಇಬ್ಬರೂ ಹೋದ ಮೇಲೆ ಅದೇ ಬೆಂಚಿನಲ್ಲಿ ಸಪ್ನಾ ಕೂತಿರುವುದು ನಮಿತಾಳಿಗೆ ಕಂಡಿತು. ಭಾಗವ್ವನ ದೇಹವನ್ನು ತಮಗೆ ಕೊಡಿ ಎಂದು ಕೇಳಲು ಬಂದಿದ್ದಳು. ಚಾಳಿನವರು ಸೇರಿ ಮಣ್ಣು ಮಾಡುವವರಿದ್ದರು.

ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಚಪ್ಪಲಿ ಇತ್ತು. ಕೇಸಿನ ವಸ್ತು, ಕೊಡುವಂತಿಲ್ಲ. ಸಪ್ನಾ ಚೀಲದ ಮೇಲಿಂದಲೇ ನೀಲಿ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿದಳು.

"ಮೇಡಂ, ಒಂದು ಮಾತು. ಈ ಚಪ್ಪಲಿ ಸ್ಟ್ಯಾಂಡಿನ್ಯಾಗ ಇದ್ದಿದ್ರ ನಾ ಆಕಿನ್ನ ಬಿಟ್ಟು ಹೋಗತಿರಲಿಲ್ಲ. ಹುಡುಕತಿದ್ದೆ. ಆ ಖೋಲಿನೂ ತಗದು ನೋಡತಿದ್ದೆ. ನಾ ಮನಿಗೆ ಹೋಗುವಾಗ ಆಕಿ ಜೀವಂತ ಇದ್ದಳೇನ್ರಿ?"

ಡಾಕ್ಟರ ವರದಿ ನಮಿತಾಳ ಮೊಣಕೈ ಕೆಳಗೇ ಇತ್ತು. ಆ ಸಂಜೆ ಸಪ್ನಾ ಸ್ಟ್ಯಾಂಡಿನ ಮುಂದೆ ನಿಂತು ಚಪ್ಪಲಿ ಹುಡುಕುವಾಗ, ಹೊಲಿಗೆಯ ಸಾಲು ದಾಟಿದರೆ ಸಿಗುವ ಕೋಣೆಯಲ್ಲಿ, ಚಿಲಕವಿಲ್ಲದ ಬಾಗಿಲಿನ ಹಿಂದೆ ಭಾಗವ್ವ ಇನ್ನೂ ಉಸಿರಾಡುತ್ತಿದ್ದಳು. ಕೋರ್ಟಿನಲ್ಲಿ ಇದನ್ನು ಎಂದಾದರೂ ಯಾರಾದರೂ ಗಟ್ಟಿಯಾಗಿ ಓದುತ್ತಾರೆ. ಆ ದಿನ ಇನ್ನೂ ದೂರವಿತ್ತು.

ಇಡೀ ದಿನ ಬೇರೆಯವರ ಸುಳ್ಳು ಹಿಡಿದ ನಮಿತಾ ವರದಿಯನ್ನು ಮಗುಚಿ ಹಾಕಿದಳು.

"ಇಲ್ಲಮ್ಮ," ಎಂದಳು. "ಜೀವ ಮಧ್ಯಾಹ್ನವೇ ಹೋಗಿತ್ತು."

ಸಪ್ನಾ ತಲೆಯಾಡಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ದಹಿಸರ್ ಲೋಕಲ್ ಹಿಡಿಯಲು ಒಬ್ಬಳೇ ಹೊರಟಳು.