ಮಾತ್ರೆಗೆ ಜಗ್ಗದ ರೋಗಾಣು

ಡಾಕ್ಟರ್ ವಾಣಿಗೆ ವಾಸನೆ ತಿಳಿಯುತ್ತಿರಲಿಲ್ಲ. ಹಾಗಾಗಿ ನರಸೀಪುರದ ಪಶು ಆಸ್ಪತ್ರೆಗೆ ಬರುವ ಹಂದಿ ಕೇಸುಗಳೆಲ್ಲ ಅವಳ ಪಾಲಿಗೇ.

ಸೋಮವಾರ ಬೆಳಿಗ್ಗೆ ಮೂಗೂರಿನಿಂದ ಫೋನ್ ಬಂತು. ವಾಣಿ ಹೋಗುವಷ್ಟರಲ್ಲಿ ಚೆಲುವರಾಜುವಿನ ಶೆಡ್ಡಿನಲ್ಲಿ ಹನ್ನೊಂದು ಮರಿ ಸತ್ತು ಬಿದ್ದಿದ್ದವು. ಭೇದಿ. ಉಳಿದ ಮೂವತ್ತು ಮೂಲೆಯಲ್ಲಿ ನಡುಗುತ್ತಿದ್ದವು.

"ವಿಷ ಆಕವ್ರೆ ಮೇಡಂ! ಅಗೋ, ಅಲ್ಲೇ ನಿಂತವ್ನೆ!" ಚೆಲುವರಾಜು ಪಕ್ಕದ ಗದ್ದೆಗೆ ಕೈ ತೋರಿಸಿದ.

ಗದ್ದೆಯ ಮಾಲೀಕ ಮಹಾದೇವಸ್ವಾಮಿ ಬದು ದಾಟಿ ಬಂದ. "ಯಾರ್ಲಾ ವಿಷ ಆಕ್ದೋನು? ನಿನ್ನ ಅಂದಿ ವಾಸ್ನೆಗೆ ನಾನೇ ಅರ್ಧ ಸತ್ತಿವ್ನಿ! ಮೇಡಂ, ಓದ ವಾರ ಇವರವ್ವನ ಬೆರಳು ಕೀವಾಗಿ ಊದ್ಕೊಂಡಾಗ್ಲೇ ಅಂದಿ ರೋಗ ಅಂತ ಪಂಚಾಯ್ತಿ ನೋಟೀಸ್ ಕೊಟ್ಟದೆ. ಶುಕ್ರವಾರದೊಳಗೆ ಕಾರಣ ಏಳ್ದಿದ್ರೆ ಶೆಡ್ಡು ಬಂದ್!"

ನೋಟೀಸು ಚೆಲುವರಾಜುವಿನ ಜೇಬಿನಲ್ಲೇ ಇತ್ತು. ಈ ಶೆಡ್ಡು ಬಿಟ್ಟರೆ ಅವನಿಗೆ ಬೇರೆ ದುಡಿಮೆ ಇರಲಿಲ್ಲ.

ತಾಯಿ ಪಾಪಮ್ಮ ಬ್ಯಾಂಡೇಜಿನ ಬೆರಳು ಎತ್ತಿ ಹಿಡಿದು ಸೊಪ್ಪಿನ ಮಡಿಯ ಹತ್ತಿರ ಕೂತಿದ್ದಳು. ಮಡಿಯ ಮೇಲೆ, ಹಕ್ಕಿ ಬೆದರಿಸಲು ದಾರಕ್ಕೆ ಕಟ್ಟಿದ್ದ ಬೆಳ್ಳಿ ಚೂರುಗಳು ಪಳಪಳ ಮಿನುಗುತ್ತಿದ್ದವು.

"ಏನಾಯ್ತಮ್ಮ ಬೆರಳಿಗೆ?"

"ಸೊಪ್ಪು ಕುಯ್ಯುವಾಗ ಕುಡ್ಲು ತಗುಲ್ತು ಕಣವ್ವ. ಡಾಕ್ಟ್ರು ಮೂರು ಥರ ಮಾತ್ರೆ ಕೊಟ್ರು. ಒಂದಕ್ಕೂ ಜಗ್ಗನಿಲ್ಲ."

ಇನ್ನೊಬ್ಬನ ಮೇಲೂ ಅನುಮಾನವಿತ್ತು— ಬೈಕಿನಲ್ಲಿ ಊರೂರು ಸುತ್ತಿ ದನಕ್ಕೆ, ಹಂದಿಗೆ ಇಂಜೆಕ್ಷನ್ ಚುಚ್ಚುವ ಅಮೃತೇಶ್. ವಾಣಿ ಅವನನ್ನೂ ಕರೆಸಿದಳು.

"ಎಷ್ಟು ಸಲ ಚುಚ್ಚಿದೀಯ?"

"ಒಂದೇ ಸಲ ಸಾ— ಮೇಡಂ. ಜೆಂಟಾಮೈಸಿನ್. ಅದೂ ತಾಯಿ ಅಂದಿಗೆ."

"ಮಾತ್ರೆ?"

"ಅಂದಿ ಬಾಯಿಗೆ ಯಾರು ಕೈ ಆಕ್ತಾರೆ ಮೇಡಂ?"

ವಾಣಿ ಉಳಿದ ಮರಿಗಳಿಗೆ ಉಪ್ಪು-ಸಕ್ಕರೆ ನೀರು ಕುಡಿಸಲು ಹೇಳಿ, ಸತ್ತ ಮರಿಗಳ ಕರುಳು, ಪಾಪಮ್ಮನ ಕೀವು, ಎರಡನ್ನೂ ಮೈಸೂರಿನ ಲ್ಯಾಬಿಗೆ ಕಳಿಸಿದಳು.

ಗುರುವಾರ ವರದಿ ಹಿಡಿದು ಬಂದಾಗ ಗಂಡಸರು ಮೂವರೂ ಶೆಡ್ಡಿನ ಮುಂದೆ ಕಾಯುತ್ತಿದ್ದರು. ಪಾಪಮ್ಮ ಟೀ ತಂದಳು.

"ಯಾರೂ ವಿಷ ಹಾಕಿಲ್ಲ. ಮಹಾದೇವಸ್ವಾಮಿಯವರು ಬಚಾವ್."

"ನಾನ್ ಏಳ್ನಿಲ್ವಾ?"

"ಮರಿ ಕರುಳಲ್ಲೂ ಪಾಪಮ್ಮನ ಕೀವಲ್ಲೂ ಒಂದೇ ರೋಗಾಣು. ವಿಷ ಉಗುಳೋ ಜಾತಿ, ಬಲ ಇಲ್ಲದ ಮರಿಗಳನ್ನ ಒಂದೇ ದಿನದಲ್ಲಿ ಮುಗಿಸುತ್ತೆ. ಆದ್ರೆ ಅಮೃತೇಶನ ಇಂಜೆಕ್ಷನ್‌ಗೆ ಇದು ಸಾಯುತ್ತೆ. ಅವನೇ ಚುಚ್ಚಿ ಚುಚ್ಚಿ ಕೆಡಿಸಿದ್ರೆ ಅದಕ್ಕೇ ಮೊದ್ಲು ಜಗ್ತಿರಲಿಲ್ಲ. ಇದು ಜಗ್ಗದೇ ಇರೋದು ಮೂರು ಮಾತ್ರೆಗೆ. ಮೂರೂ ಮನುಷ್ಯರ ಮಾತ್ರೆ. ಹಂದಿ ಹೊಟ್ಟೆಯ ರೋಗಾಣು ಅದನ್ನ ಎಲ್ಲಿ ಕಲೀತು?"

ವಾಣಿ ಸೊಪ್ಪಿನ ಮಡಿಗೆ ಹೋಗಿ ದಾರ ಎಳೆದಳು. ಬೆಳ್ಳಿ ಚೂರುಗಳು ತಿರುಗಿದವು— ಖಾಲಿ ಮಾತ್ರೆ ಶೀಟುಗಳು.

"ಪಾಪಮ್ಮ, ಮನೇಲಿ ಎಷ್ಟು ಜನ?"

"ನಾವಿಬ್ರೇ ಕಣವ್ವ."

"ಇಲ್ಲಿ ನಲವತ್ತೆರಡು ಶೀಟಿದೆ. ಇಬ್ಬರೇ ಇಷ್ಟು ನುಂಗಿದ್ರೆ ಟೀ ತರೋಕೆ ನೀವಿರ್ತಿರಲಿಲ್ಲ. ಯಾರು ತಿಂದಿದ್ದು?"

ಪಾಪಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬಿಸಾಕದ್ಯಾಕೆ ಅಂತ... ಎಲ್ರಿಗೂ ಎರಡು ದಿನಕ್ಕೆ ಜ್ವರ ಬಿಟ್ಟೋಯ್ತದೆ. ಮಿಕ್ಕಿದ್ದನ್ನ ಬೀದಿಯೋರು ನಂಗೇ ತಂದ್ಕೊಡ್ತಾರೆ. ಕುಟ್ಟಿ, ಬೆಲ್ಲ ಆಕಿ, ಮುದ್ದೇಲಿ ಕಲಸಿ ಇಕ್ತಿದ್ದೆ. ಅಂದಿ ಗಟ್ಟಿಯಾಗ್ಲಿ ಅಂತ."

"ಅವ್ವಾ!"

"ಏನ್ಲಾ ಅವ್ವಾ? ಈ ಮಾದೇವಸ್ವಾಮೀನೇ ಮೂರ್ಸಲ ಕೊಟ್ಟವ್ನೆ!"

ಮಹಾದೇವಸ್ವಾಮಿ ತನ್ನ ಗದ್ದೆಯ ಕಡೆ ನೋಡಿದ. "ಮೂರನೇ ದಿನಕ್ಕೇ ವಾಸಿಯಾಗಿತ್ತಲ್ಲ ಮೇಡಂ..."

"ಹಂದಿ ಗಟ್ಟಿಯಾಗಲಿಲ್ಲ, ರೋಗಾಣು ಗಟ್ಟಿಯಾಯ್ತು," ಎಂದಳು ವಾಣಿ. "ಅಷ್ಟಿಷ್ಟು ಔಷಧಿಗೆ ಮೆತ್ತಗಿನವು ಸತ್ತವು, ಹಠಮಾರಿಗಳು ಉಳಿದು ಮರಿ ಹಾಕಿದವು. ನೀವು ಹಂದಿ ಮೇವಿನ ಬಾನಿ ತೊಳೆಯುವಾಗ ಗಾಯಕ್ಕೆ ಇಳಿದವು. ಅಪರಾಧಿ ನೀವೇ ಪಾಪಮ್ಮ. ಜೊತೆಗೆ ಇಡೀ ಬೀದಿ."

"ನಮ್ಮವ್ವನ್ನ ಜೈಲಿಗೆ ಆಕ್ತೀರಾ?"

"ಇಡೀ ಬೀದಿಗೆ ಬಸ್ಸು ಮಾಡ್ಬೇಕಾಗುತ್ತೆ ಕಣೋ!"

ಮೊದಲು ನಕ್ಕವಳು ಪಾಪಮ್ಮ.

ಅವತ್ತೇ ವಾಣಿ ಎದುರಿಗೆ ನಿಂತು, ಅಮೃತೇಶನಿಂದ ಮೂವತ್ತು ಮರಿಗೂ ಜೆಂಟಾಮೈಸಿನ್ ಚುಚ್ಚಿಸಿದಳು. ಪಾಪಮ್ಮನಿಗೆ ನಂಜನಗೂಡಿನ ಆಸ್ಪತ್ರೆಯಲ್ಲಿ ಅದೇ ಔಷಧಿ ಕೊಟ್ಟರು. "ಅಂದಿಗಾಕಿದ್ದೇ ನಂಗೂವಾ?" ಎಂದು ಅವಳು ನರ್ಸಿನ ಹತ್ತಿರ ಜಗಳವಾಡಿದಳು. ಶುಕ್ರವಾರ ಪಂಚಾಯ್ತಿ ನೋಟೀಸು ವಾಪಸ್ ಪಡೆಯಿತು. ಶೆಡ್ಡು ಉಳಿಯಲಿ ಎಂಬ ಅರ್ಜಿಗೆ ಮೊದಲ ಸಹಿ ಹಾಕಿದವನು ಮಹಾದೇವಸ್ವಾಮಿ.

ಹೋದದ್ದು ಇಷ್ಟು: ಹನ್ನೊಂದು ಮರಿ, ಪಾಪಮ್ಮನ ಒಂದು ಉಗುರು, ಆ ಶೆಡ್ಡಿನಲ್ಲಿ ಇನ್ನು ಕೆಲಸ ಮಾಡದ ಮೂರು ಔಷಧಿ.