ಹದಿಮೂರನೆಯ ಹೆಸರು

ಹುಲಿಗೆಮ್ಮನಿಗೆ ಇಂಥದ್ದೇ ಓದಬೇಕು ಎಂಬ ಆಸೆ ಇರಲಿಲ್ಲ. ಹತ್ತನೆಯ ತರಗತಿಯಲ್ಲಿ ಇರಲಿಲ್ಲ, ಪಿಯುಸಿಯಲ್ಲಿ ಇರಲಿಲ್ಲ, ೨೦೬೧ರ ಜೂನ್ ತಿಂಗಳಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಸಭಾಂಗಣದಲ್ಲಿ ತನ್ನ ಸರದಿಗೆ ಕಾಯುತ್ತ ಕೂತಾಗಲೂ ಇರಲಿಲ್ಲ.

ವೇದಿಕೆಯ ಮೇಲಿನ ಕುರ್ಚಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ತಲೆಗೆ ತೆಳ್ಳನೆಯ ಟೊಪ್ಪಿಗೆ ತೊಡಿಸುತ್ತಿದ್ದರು. ಅದರ ಹೆಸರು ಒಲವುಮಾಪಕ. ಬೇಕೆನಿಸಿದ್ದು ಎದುರಿಗೆ ಬಂದರೆ ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಒಸರುತ್ತದೆ. ಒಗ್ಗರಣೆಯ ವಾಸನೆಗೂ ಒಸರುತ್ತದೆ, ಬಿಡಿಸಲಾಗದ ಲೆಕ್ಕಕ್ಕೂ ಒಸರುತ್ತದೆ. ಅದನ್ನು ನೆತ್ತಿಯ ಮೇಲಿನಿಂದಲೇ ಅಳೆಯುವ ಉಪಾಯ ಕಂಡುಹಿಡಿದವರು ಅಲ್ಲಿಯ ಪ್ರಾಧ್ಯಾಪಕಿ ಡಾ. ಶಕುಂತಲಾ ಬೆಟಗೇರಿ. ಮೂವತ್ತೆಂಟು ವಿಭಾಗಗಳು; ಒಂದೊಂದಕ್ಕೆ ನಾಲ್ಕು ಸೆಕೆಂಡಿನ ಚಿತ್ರ; ಪ್ರತಿ ಚಿತ್ರಕ್ಕೆ ನೂರಕ್ಕೆ ಇಷ್ಟು ಎಂದು ಒಂದು ಅಂಕೆ. ಅಂಕೆ ಹೆಚ್ಚಿದ್ದವರಿಗೆ ಸೀಟು. ಪರೀಕ್ಷೆಯ ಅಂಕಪಟ್ಟಿ ಕೇಳುವವರಿಲ್ಲ, ಶಾಸಕರ ಪತ್ರ ನೋಡುವವರಿಲ್ಲ. ಮಗಳು ಇಂಥದ್ದೇ ಆಗಬೇಕು ಎನ್ನುವ ಅಪ್ಪಂದಿರನ್ನು ಗೇಟಿನಲ್ಲೇ ನಿಲ್ಲಿಸುತ್ತಿದ್ದರು.

ಹಿಂದೆ ಸೀಟು ಹಂಚಿಕೆಯಲ್ಲಿ ಕಳ್ಳಾಟ ನಡೆದಿದ್ದರಿಂದ ಎಲ್ಲವೂ ಬಯಲಲ್ಲೇ ಆಗಬೇಕೆಂದು ನಿಯಮ ಮಾಡಿದ್ದರು. ಒಬ್ಬರ ಅಂಕೆ ಬಂದ ಕೂಡಲೇ ಗೋಡೆಯಗಲದ ಫಲಕದ ಮೇಲೆ ಹೆಸರು, ಮುಖ, ವಿಭಾಗ ಮೂಡುತ್ತಿದ್ದವು. ಜನ ಚಪ್ಪಾಳೆ ತಟ್ಟುತ್ತಿದ್ದರು. ಮುಂದಿನ ಸರದಿಯವರ ಕುರ್ಚಿ ಫಲಕಕ್ಕೆ ಎದುರಾಗಿಯೇ ಇತ್ತು. ಅದರಲ್ಲಿ ತಪ್ಪೇನೂ ಯಾರಿಗೂ ಕಂಡಿರಲಿಲ್ಲ.

ಹುಲಿಗೆಮ್ಮನಿಗಿಂತ ಮೊದಲು ಟೊಪ್ಪಿಗೆ ತೊಟ್ಟವಳು ಮೆಹರೂನ್. ಕೊಪ್ಪಳದ ಹಾಸ್ಟೆಲಿನಲ್ಲಿ ಎರಡು ವರ್ಷ ಇಬ್ಬರಿಗೂ ಒಂದೇ ಕೋಣೆ. ಮೆಹರೂನಳಿಗೆ ಕಲ್ಲಿನ ಹುಚ್ಚು. ಅವಳ ಟ್ರಂಕಿನಲ್ಲಿ ಬಟ್ಟೆಗಿಂತ ಗುಡ್ಡದಿಂದ ಆಯ್ದು ತಂದ ಚೂರುಗಳೇ ಹೆಚ್ಚು. ಅವಳಿಗೆ ಬೇಕಾದ ಭೂವಿಜ್ಞಾನ ವಿಭಾಗದಲ್ಲಿ ಇದ್ದದ್ದು ಹನ್ನೆರಡು ಸೀಟು. ಮೂರನೆಯ ವರ್ಷದವರನ್ನು ನಾಲ್ಕು ತಿಂಗಳು ಅಂಟಾರ್ಕ್ಟಿಕಾಕ್ಕೆ ಕರೆದೊಯ್ಯುತ್ತಿದ್ದರು.

ಫಲಕದಲ್ಲಿ ‘ಭೂವಿಜ್ಞಾನ ೮೧’ ಎಂದು ಬಂತು. ಮೆಹರೂನ್ ವೇದಿಕೆಯಿಂದ ಜಿಗಿದೇ ಇಳಿದಳು.

“ನೋಡೀದೇನಬೇ ಹುಲಿಗಿ? ಎಂಬತ್ತೊಂದು! ಇಡೀ ಹಾಲ್ ಚಪ್ಪಾಳಿ ಹೊಡೀತು.”

“ನೋಡೀನಿ. ನನಗೂ ಕಣ್ಣದಾವು.”

ಮೆಹರೂನಳ ಮುಖದ ಮೇಲಿದ್ದ ಆ ಬೆಳಕು ತನ್ನ ಮುಖದ ಮೇಲೆ ಒಂದು ದಿನವೂ ಬಂದಿಲ್ಲ ಎಂದು ಹುಲಿಗೆಮ್ಮನಿಗೆ ಗೊತ್ತಿತ್ತು. ಫಲಕದ ಮೇಲಿನ ಮೆಹರೂನಳ ಹೆಸರನ್ನು ಮತ್ತೊಮ್ಮೆ ಓದಿದಳು. ಹಾಗೇ ಹೋಗಿ ಕುರ್ಚಿಯಲ್ಲಿ ಕೂತಳು. ಗಣಿತ, ಕಾನೂನು, ರೇಷ್ಮೆ, ಸಂಗೀತ, ಎಲ್ಲವೂ ನಿಲ್ಲದ ಬಸ್ಸಿನ ಕಿಟಕಿಯಲ್ಲಿ ಊರು ಸರಿದಂತೆ ಸರಿದವು. ಕಲ್ಲಿನ ಚಿತ್ರ ಬಂದಾಗ ಮಾತ್ರ ಮೈ ಬಿಸಿಯಾಯಿತು.

ಭೂವಿಜ್ಞಾನ, ೮೬.

ಕೊನೆಯ ದಿನ ಸಂಜೆಯ ಪಟ್ಟಿಯಲ್ಲಿ ಅವಳು ಒಂಬತ್ತನೆಯವಳು. ಮೆಹರೂನ್ ಹದಿಮೂರನೆಯವಳು.

“ಕಲ್ಲು ಅಂದ್ರ ನಿನಗೂ ಇಷ್ಟ ಅಂತ ಒಂದ್ ದಿನಾನೂ ಹೇಳಲಿಲ್ಲಲ್ಲ,” ಎಂದಳು ಮೆಹರೂನ್. ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

“ನನಗೂ ಗೊತ್ತಿರಲಿಲ್ಲ.”

ಅದು ಸುಳ್ಳೂ ಆಗಿರಲಿಲ್ಲ. ಯಂತ್ರವೇ ಹೇಳಿದೆಯಲ್ಲ ಎಂದು ಅವಳೂ ನಂಬಿದಳು. ಮೆಹರೂನಳ ಎರಡನೆಯ ದೊಡ್ಡ ಅಂಕೆ ಐವತ್ತೆರಡು, ಆಹಾರ ತಂತ್ರಜ್ಞಾನಕ್ಕೆ ಬಂದದ್ದು. ಅವಳನ್ನು ಅಲ್ಲಿಗೆ ಹಾಕಿದರು.

ಒಂದೂವರೆ ವರ್ಷ ಕಳೆಯಿತು. ಹುಲಿಗೆಮ್ಮ ಪಾಸಾಗುತ್ತಿದ್ದಳು, ಅಷ್ಟೆ. ಪ್ರಯೋಗಾಲಯದಲ್ಲಿ ಕಲ್ಲು ಕೈಗೆ ಕೊಟ್ಟರೆ ಅದು ಬರೀ ಕಲ್ಲು. ಆದರೆ ಎದುರಿನ ಕಟ್ಟಡದಲ್ಲಿ ಆಹಾರ ತಂತ್ರಜ್ಞಾನದವರು ಕ್ಯಾಂಟೀನು ನಡೆಸುತ್ತಿದ್ದರು. ತಿಂಗಳು ಇಟ್ಟರೂ ಮೆತ್ತಗಿರುವ ಜೋಳದ ರೊಟ್ಟಿ ಮಾಡಿದ್ದಕ್ಕೆ ಮೆಹರೂನಳಿಗೆ ಬಹುಮಾನ ಬಂತು. ಕ್ಯಾಂಟೀನಿನ ಬಾಗಿಲಿಗೆ ಅವಳು ನಗುತ್ತಿರುವ ಫೋಟೊ ಹಾಕಿದರು. ಹುಲಿಗೆಮ್ಮ ದಿನಾ ಆ ಬಾಗಿಲು ದಾಟಿ ಹೋಗಬೇಕು. ಎಂಟನೆಯ ದಿನ ಅವಳು ವಿಭಾಗ ಬದಲಾವಣೆಯ ಅರ್ಜಿ ಹಿಡಿದು ಬೆಟಗೇರಿ ಮೇಡಂ ಕೋಣೆಗೆ ಹೋದಳು.

ಮೇಡಂ ಟೊಪ್ಪಿಗೆ ತೊಡಿಸಿ ನೋಡಿದರು. ಭೂವಿಜ್ಞಾನಕ್ಕೆ ಹನ್ನೊಂದು. ಆಹಾರ ತಂತ್ರಜ್ಞಾನಕ್ಕೆ ಎಂಬತ್ತೆಂಟು.

“ಒಲವು ಬದಲಾಗತೈತವ್ವಾ. ವಯಸ್ಸೇ ಅಂಥದ್ದು,” ಎಂದು ಮೇಡಂ ಸಹಿಗೆ ಪೆನ್ನು ತೆಗೆದರು.

ಹುಲಿಗೆಮ್ಮ ಆ ಎರಡು ಅಂಕೆಗಳನ್ನೇ ನೋಡುತ್ತ ನಿಂತಳು. “ಬದಲಾಗಿಲ್ರಿ ಮೇಡಂ. ಮೆಹರೂನ್ ಎಲ್ಲಿರತಾಳೋ ಅಲ್ಲಿ ಏರತೈತಿ.”

“ಯಾರಿಕಿ ಮೆಹರೂನ್?”

ಅವಳು ಹೇಳಿದಳು. ಮೇಡಂ ಪೆನ್ನು ಕೆಳಗಿಟ್ಟರು. ಗ್ರಂಥಾಲಯ ವಿಜ್ಞಾನದ ಚಿತ್ರ ತೋರಿಸಿದರು: ಏಳು. ಅದೇ ಚಿತ್ರದ ಮೂಲೆಯಲ್ಲಿ ಮೆಹರೂನಳ ಬಹುಮಾನದ ಫೋಟೊ ಅಂಟಿಸಿ ಮತ್ತೆ ತೋರಿಸಿದರು: ಎಪ್ಪತ್ತೊಂಬತ್ತು. ಡೋಪಮಿನ್ ‘ಬೇಕು’ ಎನ್ನುತ್ತದೆ, ಯಾಕೆ ಬೇಕು ಎಂದು ಹೇಳುವುದಿಲ್ಲ. ಇದು ಮೇಡಂಗೆ ಇಪ್ಪತ್ತು ವರ್ಷದಿಂದ ಗೊತ್ತಿದ್ದ ಸಂಗತಿಯೇ.

“ಇದು ಒಲವಲ್ಲ,” ಎಂದರು ಮೇಡಂ.

“ಹೊಟ್ಟೆಕಿಚ್ಚು ರೀ. ಒಲವಿಗಿಂತ ಐದು ಅಂಕಿ ಹೆಚ್ಚೇ ಬರತೈತಿ.”

ಮೇಡಂ ಆರು ವರ್ಷದ ದಾಖಲೆ ತೆರೆದು ಒಬ್ಬೊಬ್ಬರ ಅಂಕೆಯನ್ನೂ ಅವರಿಗಿಂತ ಮುಂಚೆ ಫಲಕದಲ್ಲಿ ಮೂಡಿದ ಅಂಕೆಯ ಜೊತೆ ಹೋಲಿಸಿದರು. ಅದಕ್ಕೆ ಒಂದು ವಾರ ಹಿಡಿಯಿತು; ಮುಂಚಿನವರಿಗೆ ಚಪ್ಪಾಳೆ ಬಿದ್ದ ವಿಭಾಗದಲ್ಲೇ ಹಿಂದಿನವರ ಅಂಕೆಯೂ ಏರಿರುವುದು ಸಾಲುಸಾಲಾಗಿ ಕಂಡಿತು. ಆಮೇಲೆ ಹುಲಿಗೆಮ್ಮನನ್ನು ಕರೆಸಿದರು.

“ವರದಿ ಬರೀತೀನಿ. ನಿನ್ನ ಹೇಳಿಕೆ ಇಲ್ಲದಿದ್ರ ಯಾರೂ ನಂಬೂದಿಲ್ಲ. ಹೇಳಿಕೆ ಕೊಟ್ರ ನಿನ್ನ ಸೀಟು ರದ್ದಾಗತೈತಿ. ಅಂಟಾರ್ಕ್ಟಿಕಾನೂ ಇಲ್ಲ. ವಿಚಾರ ಮಾಡು.”

“ನಾ ಬಿಟ್ರ ಆ ಸೀಟು ಮೆಹರೂನಗ ಸಿಗತೈತೇನ್ರಿ?”

“ಇಲ್ಲ. ಎರಡನೇ ವರ್ಷದ ನಡುವೆ ಯಾರನ್ನೂ ಸೇರಿಸಿಕೊಳ್ಳೂ ಹಂಗಿಲ್ಲ.”

ಹುಲಿಗೆಮ್ಮನಿಗೆ ಮೊದಲು ಆದದ್ದು ಸಮಾಧಾನ. ಸಿಗುವುದಿಲ್ಲವಲ್ಲ, ಸದ್ಯ. ಆ ಸಮಾಧಾನ ಅವಳಿಗೇ ಹೇಸಿಗೆ ಹುಟ್ಟಿಸಿತು. ಹೇಸಿಗೆ ಆರುವುದರೊಳಗೆ ಸಹಿ ಹಾಕಿಬಿಟ್ಟಳು.

ಅಲ್ಲಿಂದ ನೆಟ್ಟಗೆ ಕ್ಯಾಂಟೀನಿಗೆ ಹೋದಳು. ಮೆಹರೂನ್ ಹಂಚಿನ ಮುಂದೆ ನಿಂತು ರೊಟ್ಟಿ ತಿರುವುತ್ತಿದ್ದಳು. ಹುಲಿಗೆಮ್ಮ ಎಲ್ಲವನ್ನೂ ಹೇಳಿದಳು.

“ಅಂದ್ರ ನಿನಗ ಕಲ್ಲು ಬೇಕಾಗಿರಲಿಲ್ಲ?”

“ಇಲ್ಲ.”

“ಈ ರೊಟ್ಟೀನೂ ಬ್ಯಾಡ?”

“ಬ್ಯಾಡ.”

“ಮತ್ತ ನಿನಗ ಬೇಕಾದ್ದರೆ ಏನಬೇ?”

ಹುಲಿಗೆಮ್ಮ ಬಾಗಿಲಿನ ಫೋಟೊದ ಕಡೆ ನೋಡಿದಳು.

“ಬಾಗಲದಾಗಿನ ಫೋಟೊ ನೋಡಿ ಉರಕೊಂಡ್ಯಲ್ಲ,” ಎಂದಳು ಮೆಹರೂನ್. “ಅದನ್ನ ತೆಗೆಯೂವಾಗ ನಗು ನಗು ಅಂತ ನಾಕ್ ಸಲ ಹೇಳಿಸಿಕೊಂಡೀನಿ. ಮೊದಲ ಆರು ತಿಂಗಳ ಫೋಟೊ ಯಾರೂ ತೆಗೀಲಿಲ್ಲ.” ರೊಟ್ಟಿಯನ್ನು ಬುಟ್ಟಿಗೆ ಎಸೆದಳು. “ಸರಿ ಅತ್ತಾಗ, ಮಂದಿ ನಿಂತಾರ.”

ಆಮೇಲೆ ಅವರಿಬ್ಬರು ಎಂದೂ ಮಾತಾಡಲಿಲ್ಲ.

ಮುಂದಿನ ಜೂನ್‌ನಲ್ಲಿ ಟೊಪ್ಪಿಗೆಗಳನ್ನು ಉಗ್ರಾಣಕ್ಕೆ ಹಾಕಿ ಹಳೆಯ ಕಾಗದದ ಅರ್ಜಿಗಳನ್ನೇ ತಂದರು. ಮೊದಲ ವರ್ಷಕ್ಕೆ ಮತ್ತೆ ಅರ್ಜಿ ಹಾಕಲು ಹುಲಿಗೆಮ್ಮನೂ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದಿದ್ದ ಹುಡುಗ ಪಕ್ಕದವನ ಅರ್ಜಿಯೊಳಗೆ ಇಣುಕಿ, ತಾನು ಬರೆದದ್ದನ್ನು ಹೊಡೆದುಹಾಕಿ, ಅವನು ಬರೆದದ್ದನ್ನೇ ಬರೆದ. ಅವನ ಹಿಂದೆ ನಿಂತಿದ್ದ ಅಪ್ಪ ‘ಶಾಣ್ಯಾ’ ಎಂದು ಬೆನ್ನು ತಟ್ಟಿದ. ಟೊಪ್ಪಿಗೆ ಬರುವುದಕ್ಕೆ ಮೊದಲಿನ ನೂರು ವರ್ಷವೂ ಈ ಸಾಲು ಹೀಗೇ ಸರಿದಿತ್ತು. ಆಗ ಅಳೆದವರಿರಲಿಲ್ಲ, ಹಾಗಾಗಿ ಲೆಕ್ಕವೂ ಇಲ್ಲ.

ಯಂತ್ರದ ಆರು ವರ್ಷದ್ದು ಮಾತ್ರ ಬೆಟಗೇರಿ ಮೇಡಂ ವರದಿಯಲ್ಲಿದೆ. ಒಟ್ಟು ಒಂಬತ್ತು ಸಾವಿರದ ಇನ್ನೂರ ನಲವತ್ತು ವಿದ್ಯಾರ್ಥಿಗಳು. ಯಾರ ಕಣ್ಣೂ ಬೀಳದೆ ಮುಚ್ಚಿದ ವಿಭಾಗಗಳು ಏಳು, ಹಳಗನ್ನಡ ಅವುಗಳಲ್ಲೊಂದು. ನಿಜವಾಗಿ ಬೇಕಾಗಿದ್ದ ವಿಷಯ ಕೈತಪ್ಪಿ ಹೋದವರು ಎರಡು ಸಾವಿರದ ನಾನೂರ ಅರವತ್ತಾರು ಜನ.